ಒಂದೇ ಸಲ ಹೊಯ್ದ ನೀರು

ನರ್ಸಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು, ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದವಳು, ಈಗ ಚರ್ಚಿನ ಕಚೇರಿಯಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕೂತಿದ್ದಳು. ವಿಚಾರಣೆ ನಡೆಸುತ್ತಿದ್ದವರು ಸಭೆಯ ಹಿರಿಯರು, ಅಂದರೆ ಅವಳ ಒಡಹುಟ್ಟಿದ ಅಣ್ಣ. ಪಕ್ಕದಲ್ಲಿ ಮಗಳು, ಅವಳ ಮಡಿಲಲ್ಲಿ ಬಿಳಿ ಬಟ್ಟೆ ಹೊದಿಸಿದ ಪುಟ್ಟ ಪೆಟ್ಟಿಗೆ.

ಹಿಂದಿನ ದಿನ ಬೆಳಗ್ಗೆ ಹುಟ್ಟಿದ ಮೊಮ್ಮಗಳು ಉಸಿರಿಗೆ ಒದ್ದಾಡಿದಾಗ ಪಾದ್ರಿಗಾಗಿ ಕಾಯುವಷ್ಟು ಹೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಂಬಿದವರು ಯಾರಾದರೂ ದೀಕ್ಷಾಸ್ನಾನ ಕೊಡಬಹುದು. ನರ್ಸಮ್ಮ ಸ್ಟೀಲ್ ಲೋಟದ ನೀರನ್ನು ನೆತ್ತಿಗೆ ಒಂದೇ ಸಲ ಹೊಯ್ದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದ್ದಳು. ಮಾತು ಮುಗಿಯುವಷ್ಟರಲ್ಲಿ ಮಗುವಿನ ಉಸಿರೂ ಮುಗಿದಿತ್ತು.

"ಮೂರು ಹೆಸರಿಗೆ ಮೂರು ಸಲ ಹೊಯ್ಯಬೇಕು. ದೀಕ್ಷೆನೇ ಆಗಿಲ್ಲ ಅಂದ್ಮೇಲೆ ಚರ್ಚಿನ ಸ್ಮಶಾನದ ಗೋಡೆಯೊಳಗೆ ಮಣ್ಣು ಮಾಡೋಕೆ ಬಿಡಲ್ಲ," ಅಂದರು ಹಿರಿಯರು.

ಗೋಡೆಯೊಳಗೆ, ಅಜ್ಜನ ಸಮಾಧಿಯ ಪಕ್ಕ, ಎರಡು ಮೊಳ ಜಾಗ. ಮಗಳು ಬೇಡಿದ್ದು ಅಷ್ಟೇ.

"ದೇವರು ಒಬ್ಬನೇ ಅಂತ ನನ್ನ ಕಿವಿ ಹಿಂಡಿ ಕಲಿಸಿದ್ದು ಯಾರಣ್ಣ? ಮೂವರು ಅಂದಿದ್ದಕ್ಕೆ ಬೆತ್ತದಲ್ಲಿ ಬಾರಿಸಿದ್ದು ಯಾರು? ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಲೋಟ ಬೇಕಾ?"

ಧರ್ಮಶಾಸ್ತ್ರ ಅರೆದು ಕುಡಿದವರಿಗೆ ತಂಗಿಯ ಬಾಯಿಂದ ಪಾಠ ಹೇಳಿಸಿಕೊಂಡು ಅಭ್ಯಾಸವಿರಲಿಲ್ಲ. ಮುಖ ಕೆಂಪಾಯಿತು. ಆಮೇಲೆ ದನಿ ತಗ್ಗಿಸಿದರು.

"ನೋಡಮ್ಮಾ, ಮೂರು ಸಲ ಹೊಯ್ದೆ ಅಂತ ಒಂದು ಮಾತು ಹೇಳ್ಬಿಡು. ಬರ್ಕೊಂಡು ಗೇಟಿನ ಬೀಗದ ಕೈ ಕೊಡ್ತೀನಿ. ಅಲ್ಲಿ ನೋಡ್ದೋರು ಯಾರಿದ್ರು?"

ಬೆಂಕಿಗೆ ತುಪ್ಪ ಸುರಿದಂತಾಯಿತು. ಮಗಳು ಅಮ್ಮನ ಮೊಣಕೈ ಬಿಗಿಯಾಗಿ ಹಿಡಿದಳು. ಹೇಳಿಬಿಡಮ್ಮಾ ಅನ್ನುವ ಹಿಡಿತ ಅದು. ಒಂದು ಸುಳ್ಳು ಹೇಳಿದರೆ ಕೂಸಿಗೆ ಜಾಗ. ನರ್ಸಮ್ಮ ಬಾಯಿ ತೆರೆದಳು, ಸುಳ್ಳು ಮಾತ್ರ ಹೊರಡಲಿಲ್ಲ.

"ಯಾರಿಗೆ ಹೇಳ್ಲಿ ಈ ಸುಳ್ಳು? ತಂದೆಗಾ, ಮಗನಿಗಾ, ಪವಿತ್ರಾತ್ಮನಿಗಾ? ಮೂವರಲ್ಲಿ ಯಾರಿಗೆ ಹೇಳಿದ್ರೆ ಉಳಿದಿಬ್ಬರಿಗೆ ಗೊತ್ತಾಗಲ್ಲ ಅಣ್ಣ?"

ಮಗಳ ಹಿಡಿತ ಸಡಿಲವಾಯಿತು. ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಎದ್ದಳು.

"ಮಾವ, ಬೀಗದ ಕೈ ಕೊಡಿ."

ಹಿರಿಯರು ಅಲ್ಲಾಡಲಿಲ್ಲ. ನರ್ಸಮ್ಮನೇ ಮೇಜಿನ ಖಾನೆ ಎಳೆದು ಬೀಗದ ಕೈ ತೆಗೆದುಕೊಂಡಳು.

"ತಡಿಯೋ ಧೈರ್ಯ ಇದ್ರೆ ಬಾ. ಇಲ್ದಿದ್ರೆ ಗುದ್ದಲಿ ಹಿಡ್ಕೊಂಡು ಬಾ."

ಅಣ್ಣ ಯಾವುದಕ್ಕೂ ಬರಲಿಲ್ಲ. ಗುಂಡಿಯನ್ನು ಅವಳೇ ತೋಡಿದಳು.