ಮನೆ ಹಿಡಿದು ನಿಂತ ಬೀಗರು

ಇದು ಕಟ್ಟುಕಥೆಯಲ್ಲ, ಕಟ್ಟಡದ ಕಥೆ. ಹಾಗಾಗಿ ಅಪ್ಪಟ ನಿಜ.

ಲೀಡ್ಸ್ ಪಟ್ಟಣದ ವಿಲ್ಫ್ರೆಡ್ ಥ್ಯಾಕ್ರೇ ಇಟ್ಟಿಗೆಯ ಮನುಷ್ಯ. ತಾತ ಇಟ್ಟಿಗೆ ಸುಟ್ಟವನು, ಅಪ್ಪ ಇಟ್ಟಿಗೆ ಕಟ್ಟಿದವನು, ಇವನು ಅದರಿಂದಲೇ ದೊಡ್ಡ ಗುತ್ತಿಗೆದಾರನಾದವನು. ಮಗಳು ಹೆಸ್ಟರ್ ಮಾತ್ರ ಹೆರೆಫರ್ಡ್‌ಶೈರಿನ ಹಳೆಯ ಮರದ ಬಂಗಲೆಯೊಂದರ ಹುಡುಗನನ್ನು ಮೆಚ್ಚಿದಳು. ಮದುವೆಯ ಕುಣಿತ ಆ ಬಂಗಲೆಯ ಮಹಡಿಯಲ್ಲೇ ಆಗಬೇಕೆಂದು ಹಟ ಹಿಡಿದಳು.

“ನಾನು ನೋಡಿ ಹೂಂ ಅಂದ್ರೆ ಆಗ್ಲಿ. ಇಲ್ಲಾಂದ್ರೆ ಹೋಟೆಲ್ಲು,” ಎಂದು ಬಂದಿದ್ದ ಅಪ್ಪ.

ಬಂದವನು ಅಂಗಳದಲ್ಲೇ ನಿಂತುಬಿಟ್ಟ. ಓಕ್ ಮರದ ಕಂಬ, ತೊಲೆ. ನಡುವೆ ಮಣ್ಣು ಮೆತ್ತಿದ ತಡಿಕೆ. ಒಂದು ಗೋಡೆಯೂ ನೆಟ್ಟಗಿಲ್ಲ. ಮಹಡಿಯಂತೂ ಬೀದಿಜಗಳ ನೋಡಲು ಬಗ್ಗಿದ ಹೆಂಗಸಿನಂತೆ ಮುಂದಕ್ಕೆ ಚಾಚಿತ್ತು.

“ಕುಡಿದಿದೆಯೇನ್ರೀ ನಿಮ್ಮನೆ?”

“ತಲೆತಲೆಮಾರಿಂದ ಹೀಗೇ ಬೀಗರೇ. ಬೀಳೋದು ಮಾತ್ರ ಮರ್ತುಬಿಟ್ಟಿದೆ,” ಎಂದರು ಹುಡುಗನ ತಾಯಿ ಆರಬೆಲಾ.

ಮೇಲೆ ಹೆಸ್ಟರ್ ಗೆಳತಿಯರೊಂದಿಗೆ ಆಗಲೇ ಹಾಡಿ ಕುಣಿದು ನೋಡುತ್ತಿದ್ದಳು. ಆರಬೆಲಾ ಅವನನ್ನು ಕೆಳಗಿನ ಕೋಣೆಗೆ ಕರೆತಂದು ಮೂಲೆಯ ದೊಡ್ಡ ಕಂಬದ ಬಳಿ ನಿಂತರು. “ಇದನ್ನ ಸ್ವಲ್ಪ ಹಿಡ್ಕೊಂಡಿರಿ, ಚಹಾ ತರ್ತೀನಿ.”

“ಯಾಕೆ?”

“ಬುಡ ನೋಡಿ,” ಎಂದು ಹೋಗಿಯೇಬಿಟ್ಟರು.

ನೋಡಿದ. ಬುಡವೇ ಇರಲಿಲ್ಲ! ಕಂಬಕ್ಕೂ ನೆಲಕ್ಕೂ ನಡುವೆ ಗೇಣುದ್ದ ಬರೀ ಗಾಳಿ. ಆ ಸಂದಿಯಾಚೆ ಅಂಗಳದ ಕೋಳಿಯೊಂದು ಕತ್ತು ಓರೆಮಾಡಿ ಇವನನ್ನೇ ನೋಡುತ್ತಿತ್ತು.

ಕೆಳಗಿನ ಸಾಲಿನ ಇಟ್ಟಿಗೆ ತೆಗೆದರೆ ಮೇಲಿನದೆಲ್ಲ ತಲೆಗೇ ಬರುತ್ತದೆ. ಅವನ ವಂಶವೇ ಕಲಿತ ಪಾಠ. ಕಂಬವನ್ನು ತಬ್ಬಿ ಹೆಗಲು ಕೊಟ್ಟ. ಮೇಲೆ ದಡದಡ ಹೆಜ್ಜೆ. ತೊಲೆ ಕಿರ್ರೆಂದಿತು. ಬೋಳುತಲೆಯ ಮೇಲೆ ಧೂಳು ಉದುರಿತು. ಬಾಗಿಲು ನಾಲ್ಕೇ ಹೆಜ್ಜೆ, ಓಡಬಹುದಿತ್ತು. ಆದರೆ ಮಗಳು ಮೇಲಿದ್ದಳು.

“ಹೆಸ್ಟರ್! ಮನೆ ಬೀಳ್ತಿದೆ! ನಾನು ಹಿಡ್ಕೊಂಡಿದೀನಿ ಮಗಾ, ನೀನು ಓಡು!”

ಹಾಡು ನಿಂತಿತು. ಹೆಸ್ಟರ್ ಇಳಿದು ಬಂದಳು. “ಅಪ್ಪಾ, ಕಂಬಕ್ಕೆ ಯಾಕೆ ಮುತ್ತು ಕೊಡ್ತಿದ್ದೀಯ?”

ಹಿಂದೆಯೇ ಚಹಾ ತಟ್ಟೆ ಹಿಡಿದ ಆರಬೆಲಾ. “ಬಿಡಿ ಬೀಗರೇ, ಆರಿಹೋಗುತ್ತೆ.”

“ಬಿಟ್ರೆ ಎಲ್ರೂ ಸಾಯ್ತೀವಿ!”

“ಈಸ್ಟರ್ ಹಬ್ಬದಿಂದ ಅದನ್ನ ಯಾರೂ ಹಿಡ್ಕೊಂಡಿಲ್ಲ. ಬುಡ ಕೊಳೆತಿತ್ತು, ಬಡಗಿಗಳು ಕೊಯ್ದರು. ಹೊಸದು ಕೂರೋವರೆಗೆ ಆ ಭಾರ ಪಕ್ಕದ ಕಂಬಗಳದ್ದು. ಹೊರಗೆ ಗುಲಾಬಿ ಬಳ್ಳಿ ಹಿಂದೆ ಗೋಡೆಗೆ ಆಸರೆ ಕೊಟ್ಟ ಮರದ ಊರೆಗಳೂ ಇವೆ. ಈ ಮನೇಲಿ ರಿಪೇರಿ ಬಂದಾಗಲೆಲ್ಲ ಹೊಸ ನೆಂಟರ ಕೈಲಿ ಕಂಬ ಹಿಡಿಸೋದು ಪದ್ಧತಿ. ನಮ್ಮತ್ತೆ ನನ್ನ ಕೈಲೂ ಹಿಡಿಸಿದ್ರು. ನಾನು ಅತ್ತುಬಿಟ್ಟಿದ್ದೆ.”

ವಿಲ್ಫ್ರೆಡ್ ಒಂದೊಂದೇ ಬೆರಳು ಸಡಿಲಿಸಿದ. ಏನೂ ಆಗಲಿಲ್ಲ. ಹೊರಗೆ ಹೋಗಿ ಊರೆಗಳನ್ನು ಒದ್ದು ನೋಡಿದ. ಒಳಬಂದು ಮರದ ಬೆಣೆ ಬಡಿದ ಕೀಲುಗಳನ್ನು ಒಂದೊಂದಾಗಿ ತಡವಿದ. ಒಂದು ಕಂಬ ಕಾಲೆತ್ತಿದರೆ ಉಳಿದವು ಅದರ ಕೈ ಹಿಡಿದಿದ್ದವು. ಇಟ್ಟಿಗೆ ಎಂದೂ ಹೀಗೆ ಮಾಡಿದ್ದಿಲ್ಲ. ಮುಖ ಕೆಂಡವಾಗಿತ್ತು. ಇನ್ನು ಹೋಟೆಲ್ಲೇ ಗತಿ ಎಂದುಕೊಂಡಳು ಹೆಸ್ಟರ್.

“ಹೊಸ ಬುಡ ಕೂತ ಮೇಲೆ,” ಎಂದ, “ಇಲ್ಲೇ ಕುಣೀರಿ. ನಾನೂ ಕುಣೀತೀನಿ.”

ಆಗ ಆರಬೆಲಾ ಕಂಬವನ್ನು ತಬ್ಬಿ, ಕಣ್ಣು ಮೇಲೆ ಮಾಡಿ, ಥೇಟ್ ಅವನದೇ ಗಡಸು ದನಿಯಲ್ಲಿ ಕಿರುಚಿದರು: “ಹಿಡ್ಕೊಂಡಿದೀನಿ ಮಗಾ!”

ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಹೆಸ್ಟರ್ ಕಿಸಕ್ಕೆಂದಳು. ವಿಲ್ಫ್ರೆಡ್‌ನ ನಗು ಮಾತ್ರ ಹೊಟ್ಟೆಯಿಂದೆದ್ದು, ಮಹಡಿಗೆ ಬಡಿದು, ಅಂಗಳದ ಕೋಳಿಯನ್ನೂ ಓಡಿಸಿತು.