ಬೆರಳಿನ ಹದ

"ಅಂಟ್ಕೊಳ್ಳಲ್ಲ ಅಂತ ಯಾಕೆ ಹೀಗೆ ಹಠ ಹಿಡಿದಿದೆ ಇದು?"

ತಂಗಿ ಕೇಳಿದ್ದು ಯಾರನ್ನೂ ಅಲ್ಲ. ಬಿಸಿ ಪ್ರೆಸ್ಸಿನಲ್ಲಿ ಒತ್ತಿದ ಟೋಪಿಯಿಂದ ಕಾಗದ ಸುಲಿದರೆ ಹಡಗಿನ ಚಿತ್ರವೂ ಕಾಗದದ ಜೊತೆಗೇ ಎದ್ದು ಬಂದಿತ್ತು. ಟೋಪಿಯ ಹಣೆ ಬರಿದೇ ಉಳಿದಿತ್ತು.

"ಮತ್ತೆ ಸುಟ್ಟು ಹಾಕಿದ್ಲಾ ನಿನ್ನ ಅತ್ತಿಗೆ?" ಒಳಗೆ ಅಚ್ಚಿನ ಪರದೆ ತೊಳೆಯುತ್ತಿದ್ದ ಅಣ್ಣ ಕೂಗಿದ. "ಒಂದು ದಿನಾನೂ ಹಾಲು ಉಕ್ಕೋಕೆ ಬಿಟ್ಟವಳಲ್ಲ. ಇಲ್ಲಿ ಮಾತ್ರ ಕೈ ಕೂರಲ್ಲ ನೋಡು."

"ನನ್ನ ಕೈಯಲ್ಲೇನಿದೆ ಬಿಡಿ, ಮರದ ಸೌಟು," ಎಂದು ಅತ್ತಿಗೆ ನಕ್ಕಳು.

ಪರದೆಯಿಂದ ಕಾಗದಕ್ಕೆ ತಿರುಗುಮುರುಗಾಗಿ ಇಳಿಸಿದ ಬಣ್ಣವನ್ನು ಕಾವಿನ ಪೆಟ್ಟಿಗೆಯಲ್ಲಿ ಅರೆ ಬೇಯಿಸಬೇಕು. ಮುಟ್ಟಿದರೆ ಬೆರಳಿಗೆ ಅಂಟಬಾರದು, ಆದರೆ ಬೆರಳಿನ ಗುರುತು ಹಿಡಿಯಬೇಕು. ಅಲ್ಲೇ ಪೂರ್ತಿ ಬೆಂದುಹೋದರೆ ಟೋಪಿಯ ಬಟ್ಟೆಯನ್ನು ಕಚ್ಚಿಕೊಳ್ಳಲು ಅದರಲ್ಲಿ ಜೀವ ಇರುವುದಿಲ್ಲ. ಅಮ್ಮ ಗಡಿಯಾರ ನೋಡುತ್ತಿರಲಿಲ್ಲ. ದೇವರ ಹಾಡಿನ ಒಂದು ನುಡಿ ಗುನುಗಿ ಮುಗಿಸಿ ಕಾಗದ ಹೊರಗೆಳೆಯುತ್ತಿದ್ದಳು. ಅಮ್ಮ ಹೋದ ಮೇಲೆ ಆ ನುಡಿಯೂ ಪೆಟ್ಟಿಗೆಯ ಮುಂದಿನ ಸ್ಟೂಲೂ ಮಗಳ ಪಾಲಿಗೆ ಬಂದವು. ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು ಆ ಕೋಣೆಯ ಕಿಟಕಿಗೆ ಮೊಳೆ ಹೊಡೆದು ಮುಚ್ಚಿದ್ದು ಇನ್ನೂ ಹಿಂದೆ.

ಸೋಮವಾರ ಅವಳು ನರ್ಸ್ ತರಬೇತಿಗೆ ಸೇರಬೇಕಿತ್ತು. ಅಣ್ಣ ಒಲ್ಲೆ ಎಂದಿರಲಿಲ್ಲ. "ಅತ್ತಿಗೆಗೆ ಕಲಿಸಿ ಹೋಗು," ಎಂದಿದ್ದ, ಅಷ್ಟೇ.

ಮಧ್ಯಾಹ್ನ ಅಣ್ಣ ಬಣ್ಣದ ಡಬ್ಬಿ ತರಲು ಸ್ಕೂಟರ್ ಹತ್ತಿ ಹೋದ. ನೀರು ಕುಡಿದು ಬರುತ್ತಿದ್ದ ತಂಗಿ ಬಾಗಿಲಲ್ಲೇ ನಿಂತಳು. ಒಳಗೆ ಅಮ್ಮನ ಹಾಡಿನ ನುಡಿ ಅತ್ತಿಗೆಯ ದನಿಯಲ್ಲಿ ಸಣ್ಣಗೆ ಕೇಳುತ್ತಿತ್ತು. ನುಡಿ ಮುಗಿಯಿತು. ಅತ್ತಿಗೆ ಕಾಗದ ಎಳೆದು, ಬೆರಳಿಟ್ಟು, ಗುರುತು ನೋಡಿ, ತನಗೆ ತಾನೇ ತಲೆಯಾಡಿಸಿದಳು. ಆಮೇಲೆ ಅದನ್ನು ಪೆಟ್ಟಿಗೆಯೊಳಕ್ಕೆ ವಾಪಸ್ ತಳ್ಳಿ, ಕೈಕಟ್ಟಿ ಕೂತಳು.

"ಹದ ಬಂದಿತ್ತಲ್ಲ ಅತ್ತಿಗೆ?"

ಅತ್ತಿಗೆ ಬೆಚ್ಚಲಿಲ್ಲ. "ಬಂದಿತ್ತು."

"ಮತ್ತೆ?"

"ನಿಮ್ಮಮ್ಮನಿಗೆ ಗೊತ್ತಿತ್ತು, ಇಲ್ಲಿಂದ ಏಳೋಕಾಯ್ತಾ? ನಿನಗೆ ಗೊತ್ತಿದೆ, ಹೋಗೋಕಾಗ್ತಿದೆಯಾ? ನನಗೂ ಬರುತ್ತೆ ಅಂತ ನಿಮ್ಮಣ್ಣನಿಗೆ ಗೊತ್ತಾದ ದಿನ ನನ್ನನ್ನ ಈ ಸ್ಟೂಲಿಗೆ ಮೊಳೆ ಹೊಡೆದು ಕೂರಿಸ್ತಾರೆ ಕಣೇ, ಆ ಕಿಟಕಿ ಹಾಗೆ."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

"ಒಂದೇ ಒಂದು ಕಾಗದ," ತಂಗಿ ಅವಳ ಮುಂದೆ ಮೊಣಕಾಲೂರಿದಳು. "ಅಣ್ಣನ ಎದುರಿಗೆ ಒಂದೇ ಒಂದನ್ನ ಸರಿಯಾಗಿ ತೆಗೀರಿ. ನಾನು ಹೊರಟುಬಿಡ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ ಅತ್ತಿಗೆ."

ಅತ್ತಿಗೆ ಬಾಗಿ, ಅವಳ ಹಣೆಯ ಬೆವರನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು, ಮಗುವಿಗೆ ಒರೆಸಿದ ಹಾಗೆ. ಪೆಟ್ಟಿಗೆಯ ಬಾಯಿಂದ ಎಳೆ ಹೊಗೆ ಏಳತೊಡಗಿತ್ತು. ಇಬ್ಬರಲ್ಲಿ ಯಾರೂ ಕೈ ಚಾಚಲಿಲ್ಲ.

"ಇಲ್ಲ," ಎಂದಳು ಅತ್ತಿಗೆ. "ತೆಗೆಯಲ್ಲ."