ಪಾವಗಡದ ಮೈಕು

ಲೋಹಿತಾ ಮಧುಗಿರಿಯ ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ಅದೇ ಟ್ರಸ್ಟಿನ ಕಾಲೇಜುಗಳು ಶಿರಾದಲ್ಲೂ ಪಾವಗಡದಲ್ಲೂ ಇದ್ದವು. ಈ ವರ್ಷ ಕಾರ್ಯದರ್ಶಿ ಶಂಕರಲಿಂಗಪ್ಪನವರು ಆ ಎರಡೂ ಊರಿನ ಮೇಷ್ಟ್ರುಗಳನ್ನು ಬಿಡಿಸಿ, ಲೋಹಿತಾಳ ಎದುರು ಒಂದು ಕ್ಯಾಮೆರಾ ನಿಲ್ಲಿಸಿಬಿಟ್ಟರು. ಅವಳು ಇಲ್ಲಿ ಪಾಠ ಮಾಡಿದರೆ ಅಲ್ಲಿಯವರು ಗೋಡೆಯ ಪರದೆಯಲ್ಲಿ ನೋಡಬೇಕು. ಅವರ ಮೈಕು ಮಾತ್ರ ಸದಾ ಬಂದ್. "ಗಲಾಟೆ ಮಾಡ್ತವೆ" ಎಂದಿದ್ದರು ಶಂಕರಲಿಂಗಪ್ಪ. ಏನಾದರೂ ಕೇಳುವುದಿದ್ದರೆ ಅಲ್ಲಿಯ ಗುಮಾಸ್ತನ ಮೂಲಕ ಕೇಳಬೇಕಿತ್ತು. ಒಂದು ಪ್ರಶ್ನೆಯೂ ಬಂದಿರಲಿಲ್ಲ. ಎಲ್ಲರಿಗೂ ಅರ್ಥವಾಗುತ್ತಿದೆ ಎಂದೇ ಲೋಹಿತಾ ನಂಬಿದ್ದಳು.

ಕಿರುಪರೀಕ್ಷೆಯಲ್ಲಿ ಪಾವಗಡದವರ ಹಾಳೆಗಳು ಹೆಚ್ಚುಕಡಿಮೆ ಖಾಲಿಯೇ ಬಂದವು. ಅವಳಿಗೆ ರೇಗಿತು. ಮರುದಿನ ಪಾಠ ಬಿಟ್ಟು ಕ್ಯಾಮೆರಾಕ್ಕೇ ಬೈದಳು: "ಓದೋ ಮನಸ್ಸಿಲ್ಲದಿದ್ರೆ ಕಾಲೇಜಿಗೆ ಯಾಕೆ ಬರ್ತೀರ?"

ಲ್ಯಾಪ್‌ಟಾಪಿನ ಮೂಲೆಯಲ್ಲಿ ಚಿಕ್ಕದಾಗಿ ಕಾಣುತ್ತಿದ್ದ ಪಾವಗಡದ ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಕೈ ಬೀಸಿ ಏನೋ ಹೇಳುತ್ತಿದ್ದಳು. ಬಾಯಿ ಆಡುತ್ತಿತ್ತು, ದನಿ ಇಲ್ಲ. ಲೋಹಿತಾ ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಿದಳು.

ಸಂಜೆ ಆ ಹುಡುಗಿಯೇ ಫೋನ್ ಮಾಡಿದಳು. ನಾಗಲಮಡಿಕೆ ಕಡೆಯ ಗಂಗಲಕ್ಷ್ಮಿ.

"ಬೈದ್ರಲ್ಲ ಮೇಡಂ, ನಮ್ಗೂ ಕ್ವಾಪ ಬರ್ತದೆ. ನೀವು ಬೋರ್ಡ್ ಮ್ಯಾಲೆ ಬರೆಯೋದು ಒಂದಕ್ಷರನೂ ಕಾಣಲ್ಲ. ಬೆಳಕು ಬಡ್ದು ಬರೀ ಬೆಳ್ಳಗಿರ್ತದೆ. ಮಾತೂ ಅರ್ಧಕ್ಕರ್ಧ ಕಟ್ಟಾಗ್ತದೆ."

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಯಾರ್ ತಾವ ಹೇಳನ? ಗುಮಾಸ್ತರು ಆಯ್ತು ಹೋಗಮ್ಮ ಅಂತಾರೆ. ನಮ್ಮಪ್ಪ ಕುರಿ ಕಾಯ್ತದೆ. ಒಂದು ಮರಿ ಅರಚಿದ್ರೂ ತಿರುಗಿ ನೋಡ್ತದೆ. ನಾನು ಇವತ್ತು ಅಷ್ಟೊಂದು ಅರಚ್ಕಂಡೆ, ನೀವು ಪಾಠ ಮುಗಿಸ್ಕಂಡು ಹೋಗ್ಬುಟ್ರಿ."

ಲೋಹಿತಾಳಿಗೆ ನಾಚಿಕೆಯಾಯಿತು. ಬೆಳಿಗ್ಗೆ ನೇರವಾಗಿ ಶಂಕರಲಿಂಗಪ್ಪನವರ ಕೋಣೆಗೆ ನುಗ್ಗಿ, ಅಲ್ಲಿಯವರಿಗೆ ಬೋರ್ಡೇ ಕಾಣುತ್ತಿಲ್ಲ, ಅವರ ಮೈಕು ತೆರೆಸಿ ಎಂದಳು. ಅವರು ತಲೆಯೆತ್ತಲೂ ಇಲ್ಲ.

"ಪಾಠ ನಿಮ್ ಕೆಲಸ, ಮೈಕು ನಮ್ ಕೆಲಸ. ಶುಕ್ರವಾರ ವಿಶ್ವವಿದ್ಯಾಲಯದ ಸಮಿತಿಯೋರು ಬರ್ತಾರೆ. ಆನ್‌ಲೈನ್ ಕ್ಲಾಸ್ ಚೆನ್ನಾಗಿ ತೋರ್ಸಿ. ಅಷ್ಟು ಸಾಕು."

ಶುಕ್ರವಾರ ಸಮಿತಿಯವರು ಶಂಕರಲಿಂಗಪ್ಪನವರ ಜೊತೆ ಹಿಂದಿನ ಬೆಂಚಿನಲ್ಲಿ ಕುಳಿತರು. ಲೋಹಿತಾ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಳು. ಆಮೇಲೆ ಲ್ಯಾಪ್‌ಟಾಪಿನ ಹತ್ತಿರ ಬಂದು ಎರಡೂ ಊರಿನ ಮೈಕು ತೆರೆದಳು.

"ಪಾವಗಡದೋರೆ, ನಾನು ಬರೆದಿರೋದನ್ನ ಓದಿ."

ಇಡೀ ಕೋಣೆಗೆ ತೆಲುಗು, ಕನ್ನಡ ಬೆರೆತ ಗದ್ದಲ ನುಗ್ಗಿತು. "ಏಮೀ ಕನಪಡಲ್ಯಾ ಮೇಡಂ! ಏನೂ ಕಾಣ್ತಿಲ್ಲ!" ಶಿರಾದಿಂದಲೂ ಯಾರೋ ಕೂಗಿದರು: "ಇಲ್ಲೂ ಅಷ್ಟೇ!"

ಶಂಕರಲಿಂಗಪ್ಪ ದಡಕ್ಕನೆ ಎದ್ದರು. "ಏಯ್, ಆಫ್ ಮಾಡಮ್ಮ ಅದನ್ನ!"

"ಮಾಡಲ್ಲ ಸಾರ್."

ಅಷ್ಟರಲ್ಲಿ ಎಲ್ಲ ದನಿಗಳ ಮೇಲೆ ಗಂಗಲಕ್ಷ್ಮಿಯ ದನಿ ಬಂತು. "ಗ್ವಾಡೆ ನೋಡಕ್ಕೆ ದಿನಾ ಬಸ್ಸತ್ತಿ ಬರ್ತೀವಾ ಸಾರ್ ನಾವು? ನಮ್ಗೊಬ್ರು ಮೇಷ್ಟ್ರನ್ನ ಕೊಡ್ರಿ!"

ಶಂಕರಲಿಂಗಪ್ಪ ವೈರನ್ನೇ ಕಿತ್ತರು. ಸಮಿತಿಯ ಹಿರಿಯರೊಬ್ಬರು, "ಇನ್ನು ನೋಡೋದೇನಿದೆ?" ಎಂದು ಎದ್ದು ಹೊರನಡೆದರು.

ಪಾವಗಡಕ್ಕೆ ಒಬ್ಬರು ಅಧ್ಯಾಪಕರು ಇರಲೇಬೇಕೆಂದು ಸಮಿತಿ ಹೇಳಿತು. ಶಂಕರಲಿಂಗಪ್ಪ ಲೋಹಿತಾಳನ್ನೇ ಎತ್ತಿ ಅಲ್ಲಿಗೆ ಹಾಕಿದರು. "ಅಷ್ಟು ಕಾಳಜಿ ಇದ್ರೆ ದಿನಾ ಬಸ್ಸಲ್ಲಿ ಓಡಾಡಿ." ಜೊತೆಗೆ ಕ್ಯಾಮೆರಾವನ್ನೂ ಕಳಿಸಿದರು. ಈಗ ಮಧುಗಿರಿಯವರೂ ಶಿರಾದವರೂ ಪರದೆ ನೋಡಬೇಕಂತೆ.

ಮೊದಲ ದಿನ ಲೋಹಿತಾ ಸಿಟ್ಟಿನಲ್ಲೇ ಕ್ಲಾಸಿಗೆ ಹೋದಳು. ಪಾಠಕ್ಕೆ ಮುಂಚೆ ಎಲ್ಲರ ಮೈಕೂ ತೆರೆದಳು. ಕುರ್ಚಿ ಎಳೆಯುವ ಸದ್ದು, ಕೆಮ್ಮು, ನಗು ಎಲ್ಲ ಒಟ್ಟಿಗೆ ಬಂತು. "ಕಾಣದಿದ್ರೆ, ಕೇಳದಿದ್ರೆ ಕೂಗಿ. ನಾನು ನಿಲ್ಲಿಸ್ತೀನಿ," ಎಂದಳು.

ಮುಂದಿನ ಬೆಂಚಿನಿಂದ ಗಂಗಲಕ್ಷ್ಮಿ ಎದ್ದಳು. ಅವಳ ಮುಖದ ಗಂಟು ಇನ್ನೂ ಸಡಿಲವಾಗಿರಲಿಲ್ಲ.

"ಮೊದ್ಲ ಪಾಠದಿಂದ ಶುರು ಮಾಡಿ ಮೇಡಂ. ನಮ್ಗೆ ಏನೂ ಬರಲ್ಲ."

ಲೋಹಿತಾ ಸೀಮೆಸುಣ್ಣ ಎತ್ತಿಕೊಂಡು ಮೊದಲ ಪಾಠದ ಹೆಸರನ್ನು ದಪ್ಪಕ್ಷರದಲ್ಲಿ ಬರೆದಳು.